ಲಾವಣಿಗೆ ಬಂದ ಸಾಫ್ಟ್‌ವೇರ್

ಕೊಪ್ಪಳದಾಗ ಭಜನಿ ಮಂದಿ, ಕೀಬೋರ್ಡ್ ನುಡಿಸೋ ಹುಡುಗ್ರು, ಮೈಕ್‌ಸೆಟ್‌ನವ್ರು, ಕಾಲೇಜಿನವ್ರು ಅಂತ ಒಂದು ಐವತ್ತು ಮಂದಿ ಕೂಡಿದ್ದ ಕಡೆ ನಾನು ಮಾತಾಡಿದ್ದು ಇದು. ಫೋನಿನಾಗ ಯಾರೋ ರೆಕಾರ್ಡ್ ಮಾಡ್ಕೊಂಡಿದ್ರು, ಅದನ್ನ ಕೇಳ್ಕೊಂತ ನಾನ ಟೈಪ್ ಮಾಡೀನಿ. ಮಾತಿನ ಧಾಟಿ ಹಂಗ ಬಿಟ್ಟೀನಿ, ಕೆಮ್ಮಿದ್ದು, ನೀರು ಕುಡಿದಿದ್ದು, ನಡುವ ಒಂದು ಸಲ ಕರೆಂಟ್ ಹೋಗಿದ್ದು ಅಷ್ಟ ತೆಗೆದೀನಿ.

ಎಲ್ಲಾರಿಗೂ ಶರಣ್ರಿ. ನಂದು ರೆಕಾರ್ಡಿಂಗ್ ಸ್ಟುಡಿಯೋ, ಮೈಕ್ ಮುಂದ ಮಂದೀನ ನಿಲ್ಸೋದು ನನ್ನ ಕೆಲಸ, ನಾನ ನಿಂತಿದ್ದು ಕಮ್ಮಿ, ಎಲ್ಲೆರ ತಪ್ಪಿದ್ರ ಹೊಟ್ಯಾಗ ಹಾಕ್ಕೋರಿ. ವಿಷಯ ಏನು ಅಂತ ಕರೆದವ್ರು ಕೇಳಿದ್ರು, ಹಾಡು ಮಾಡೋ ಸಾಫ್ಟ್‌ವೇರ್‌ಗಳು ಈಗ ಮೆಂಬರ್‌ಶಿಪ್ ಆಗ್ಯಾವಲ್ಲ, ಅದರ ಬಗ್ಗೆ ಮಾತಾಡ್ತೀನಿ ಅಂದೆ. ಇಲ್ಲೇ ಮುಂದ ಕುಂತಾರಲ್ಲ ನಮ್ಮ ಹಾರ್ಮೋನಿಯಂ ಪೇಟಿ ಮಾಸ್ತರ್ರು, ಅವ್ರು ಬಾಗಲದಾಗ ನಿಲ್ಸಿ ಕೇಳಿದ್ರು, 'ಅದೇನಪಾ ಅದು, ಸೊಸೈಟಿ ಮೆಂಬರ್ ಆದಂಗೇನು?' ಅಂತ. ಅಲ್ರಿ ಮಾಸ್ತರ್ರ, ಸೊಸೈಟಿಯಾಗ ಮೆಂಬರ್ ಆದ್ರ ವರ್ಷಕ್ಕೊಮ್ಮೆ ಡಿವಿಡೆಂಡ್ ಅಂತ ನಾಕು ರೂಪಾಯಿ ಬರ್ತೈತಿ, ಇಲ್ಲಿ ಬರಂಗಿಲ್ಲ, ತಿಂಗಳಾ ತಿಂಗಳಾ ಹೋಗ್ತೈತಿ ಅಷ್ಟ.

ನನಗ ಕೇಳಿದ್ರ ಇದು ಮೆಂಬರ್‌ಶಿಪ್ ಅಲ್ಲ, ಲಾವಣಿ. ಹಾಡೋ ಲಾವಣಿ ಅಲ್ರಿ, ಹೊಲದ ಲಾವಣಿ. ಹೊಲ ಒಬ್ಬರದು, ವರ್ಷಕ್ಕ ಇಷ್ಟು ಅಂತ ರೊಕ್ಕ ಕೊಟ್ಟು ನಾವು ಬಿತ್ತಿ ಬೆಳ್ಕೊಳ್ಳೋದು, ಮುಂದಿನ ವರ್ಷ ಮಾತು ಕೂಡಿದ್ರ ಮುಂದುವರಿಸೋದು, ಇಲ್ಲಾಂದ್ರ ಬಿಡೋದು. ಅದ್ರಾಗ ತಪ್ಪೇನೂ ಇಲ್ಲ, ನಮ್ಮ ಕಡೆ ಅರ್ಧ ಮಂದಿ ಹಂಗ ಬದುಕ್ತಾರ. ಆದ್ರ ಹೊಲದ ಲಾವಣಿಯಾಗ ಒಂದು ಮಾತು ಗಟ್ಟಿ ಐತಿ ನೋಡ್ರಿ: ಬೆಳೆದ ಜ್ವಾಳ ನಿಮ್ಮದು. ಹೊಲ ಬಿಟ್ಟ ಮ್ಯಾಲ ಗೌಡ ಬಂದು ನಿಮ್ಮ ಮನಿಯಾಗಿನ ಚೀಲಕ್ಕ ಬೀಗ ಹಾಕಂಗಿಲ್ಲ. ಸಾಫ್ಟ್‌ವೇರ್ ಲಾವಣಿಯಾಗ ಅದ ಬೀಗದ ಪ್ರಶ್ನೆ. ನಾನು ಇವತ್ತು ಹೇಳೋದೆಲ್ಲಾ ಆ ಬೀಗದ ಸುತ್ತನ.

ಹೋದ ವರ್ಷ ಕುಷ್ಟಗಿ ಕಡೆಯಿಂದ ಒಬ್ಬ ಹುಡುಗ ಬಂದ. ಅವ್ರಪ್ಪ 2016ರಾಗ ನಮ್ಮಲ್ಲಿ ನಾಕು ತತ್ವಪದ ಹಾಡಿ ಹೋಗಿದ್ರು. ಅಪ್ಪ ತೀರ್ಕೊಂಡು ಒಂಬತ್ತು ತಿಂಗಳಾಗಿತ್ತಂತ. 'ಅಣ್ಣಾ, ಡೋಲಕ್ ಬ್ಯಾಡ, ಕೀಬೋರ್ಡ್ ಬ್ಯಾಡ, ಅಪ್ಪನ ದನಿ ಅಷ್ಟ ಕೊಡು, ವರ್ಷದ ಪುಣ್ಯತಿಥಿಗೆ ಹಚ್ತೀವಿ' ಅಂದ. ಅದೇನು ದೊಡ್ಡ ಮಾತು, ಹಾರ್ಡ್‌ಡಿಸ್ಕ್ ಹಚ್ಚಿದೆ, ಫೋಲ್ಡರ್ ಸಿಕ್ತು, ಪ್ರಾಜೆಕ್ಟ್ ಫೈಲ್ ಮ್ಯಾಲ ಡಬಲ್ ಕ್ಲಿಕ್ ಹೊಡೆದೆ. ತೆರೀತು. ಪ್ಲೇ ಆಯ್ತು. ಉಳಿದ ಟ್ರ್ಯಾಕ್ ಎಲ್ಲಾ ಬಂದ್ ಮಾಡಿ ಅವ್ರಪ್ಪನ ಟ್ರ್ಯಾಕ್ ಒಂದ ಬಿಟ್ಟೆ, ಹುಡುಗ ಕುರ್ಚಿ ಮ್ಯಾಲ ಕುಂತಾಂವ ಎದ್ದು ನಿಂತ. ಎಕ್ಸ್‌ಪೋರ್ಟ್, ಅಂದ್ರ ಅದನ್ನ ಆಡಿಯೋ ಫೈಲ್ ಆಗಿ ಹೊರಗ ತಗ್ಯಾಕ ಹೋದ್ರ ಆ ಬಟನ್ ಬೂದಿ ಬಣ್ಣ ಆಗೇತಿ. ಸೇವ್ ಬಟನ್ನೂ ಹಂಗ. ಮ್ಯಾಲ ಒಂದು ಪಟ್ಟಿ: ನಿಮ್ಮ ಮೆಂಬರ್‌ಶಿಪ್ ಮುಗಿದೈತಿ. ನಾನು ಆ ಸಾಫ್ಟ್‌ವೇರ್ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಯಾವುದು ಅಂತ ಹೆಸರು ಹೇಳಂಗಿಲ್ಲ, ಹೆಸರಿನಿಂದ ಏನೂ ಆಗಂಗಿಲ್ಲ, ಇವತ್ತು ಬಹಳಷ್ಟರದು ಹಿಂಗ ಐತಿ.

ಆ ಹುಡುಗನ ಕಥಿಗೆ ಆಮ್ಯಾಲ ಬರ್ತೀನಿ. ಮೊದ್ಲು ಈ ಪದ್ಧತಿ ಯಾಕ ಬಂತು ಅಂತ ನೋಡೋಣ, ಯಾಕಂದ್ರ ಕಂಪನಿಯವ್ರೆಲ್ಲಾ ಕಳ್ಳರು ಅಂತ ಬೈದು ಚಪ್ಪಾಳಿ ತಗೊಳ್ಳೋದು ಸಸಾರ, ವಿಷಯ ಅಷ್ಟು ಸಸಾರ ಇಲ್ಲ.

ಮೊದ್ಲ ಸಾಫ್ಟ್‌ವೇರ್ ಡಬ್ಬಿಯಾಗ ಬರ್ತಿತ್ತು. ಡಬ್ಬಿ, ಅದರೊಳಗ ಸಿಡಿ ಇಲ್ಲಾ ಡಿವಿಡಿ, ದಪ್ಪನ್ನ ಪುಸ್ತಕ, ಸೀರಿಯಲ್ ನಂಬರ್. ಕೆಲವರದ್ರಾಗ ಯುಎಸ್‌ಬಿ ಡಾಂಗಲ್, ಅಂದ್ರ ಪೆನ್‌ಡ್ರೈವ್‌ನಂತಾ ಕೀಲಿ, ಕೊಳ್ಳಾಗಿನ ಲಿಂಗದಂಗ ಅದು ಯಾವತ್ತೂ ಕಂಪ್ಯೂಟರ್‌ನಾಗ ಇರಬೇಕು, ಕಳಕೊಂಡ್ರ ಸಾವಿರಗಟ್ಟಲೆ ರೊಕ್ಕ ಹೋತು ಅಂತ ಲೆಕ್ಕ. ಕ್ಯೂಬೇಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನವ್ರು ವರ್ಷಾನುಗಟ್ಟಲೆ ಡಾಂಗಲ್ ಇಟ್ಟಿದ್ರು, 2022ರಾಗ 12ನೇ ವರ್ಷನ್ ಬಂದಾಗ ಅದನ್ನ ಬಿಟ್ರು. ಡಬ್ಬಿ ಮಾರೋ ಕಂಪನಿ ಗತಿ ಏನಪಾ ಅಂದ್ರ, ಹೊಸಾ ವರ್ಷನ್ ಬಂದ ತಿಂಗಳು ರೊಕ್ಕ ಸುರೀತೈತಿ, ಆಮ್ಯಾಲ ವರ್ಷ ಒಂದೂವರೆ ವರ್ಷ ಬರಗಾಲ. ಹಂಗಾಗಿ ಏನು ಮಾಡ್ತಿದ್ರು, ಫೆಬ್ರವರಿಯಾಗ ತಯಾರಾದ ಒಂದು ಒಳ್ಳೆ ಫೀಚರನ್ನ ಹೊರಗ ಬಿಡ್ತಿರಲಿಲ್ಲ, ಮುಂದಿನ ಡಬ್ಬಿ ಮ್ಯಾಲ ದೊಡ್ಡ ಅಕ್ಷರದಾಗ ಬರೀಬೇಕಲ್ಲ, ಅದಕ್ಕ ಮುಚ್ಚಿ ಇಡ್ತಿದ್ರು. ಇರೋ ದೋಷ ಸರಿ ಮಾಡಿದ್ರ ರೊಕ್ಕ ಬರಂಗಿಲ್ಲ, ಹೊಸದು ತೋರ್ಸಿದ್ರ ಬರ್ತೈತಿ, ಹಿಂಗಾಗಿ ಹಳೇ ದೋಷ ಹಂಗ ಉಳಕೊಂಡು ಅದರ ಮ್ಯಾಲ ಹೊಸ ಬಣ್ಣ.

ಇದನ್ನ ಬದಲ್ ಮಾಡ್ತೀವಿ ಅಂತ ಮ್ಯೂಸಿಕ್ ಕಡೆ ಬಹಳ ಮೊದ್ಲ ಹೊಂಟವ್ರಾಗ ಕೇಕ್‌ವಾಕ್ ಅನ್ನೋ ಕಂಪನಿ ಒಂದು. ಅಮೆರಿಕದ ಬಾಸ್ಟನ್ ಕಡೇದು, 1987ರಾಗ ಡಾಸ್ ಕಾಲದಾಗ ಶುರು ಆಗಿದ್ದು. ಅವ್ರ ದೊಡ್ಡ ಸಾಫ್ಟ್‌ವೇರ್ ಸೋನಾರ್. 2010ರಾಗ ಎಕ್ಸ್-1, 2012ರಾಗ ಎಕ್ಸ್-2, 2013ರಾಗ ಎಕ್ಸ್-3, ಅಲ್ಲೀತನಕ ಡಬ್ಬಿ ಲೆಕ್ಕನ. 2015ರ ಜನವರಿಯಾಗ ಅವ್ರು ನಂಬರ್ ಹಾಕೋದ ಬಿಟ್ರು. ಆರ್ಟಿಸ್ಟ್, ಪ್ರೊಫೆಷನಲ್, ಪ್ಲಾಟಿನಂ ಅಂತ ಮೂರು ನಮೂನಿ, 99, 199, 499 ಡಾಲರ್. ಪೂರ್ತಿ ಒಮ್ಮೆಲೆ ಕೊಡ್ರಿ, ಇಲ್ಲಾ ತಿಂಗಳಾ ತಿಂಗಳಾ ಕೊಡ್ರಿ ಅಂದ್ರು. ಇದ್ರಾಗ ಚಲೋ ಮಾತು ಏನಿತ್ತು ಅಂದ್ರ, ಹನ್ನೆರಡು ತಿಂಗಳು ಕಟ್ಟಿ ಮುಗಿಸಿದ್ರ ಆವತ್ತಿನತನಕ ಬಂದ ಸಾಫ್ಟ್‌ವೇರ್ ನಿಮ್ಮದು, ಕಾಯಂ. ಮುಂದ ಅಪ್‌ಡೇಟ್ ಬೇಕಂದ್ರ ಮತ್ತ ಕಟ್ರಿ, ಬ್ಯಾಡಂದ್ರ ಇದ್ದದ್ದರಾಗ ಹಾಡು ಮಾಡ್ಕೊಂತ ಇರ್ರಿ, ಫೈಲ್ ತೆರೀತೈತಿ, ಸೇವ್ ಆಗ್ತೈತಿ. ಅಂದ್ರ ಲಾವಣಿಗೆ ಹಾಕ್ಕೊಂಡ ಹೊಲ ವರ್ಷ ತುಂಬಿದ ಮ್ಯಾಲ ನಿಮ್ಮ ಹೆಸರಿಗೆ ಬಂದಂಗ. ನನಗ ಇವತ್ತಿಗೂ ಅನ್ನಿಸ್ತೈತಿ, ಈ ಧಂದೆಯಾಗ ಬಂದ ಮೆಂಬರ್‌ಶಿಪ್‌ಗಳೊಳಗ ಅದು ಮರ್ಯಾದಿ ಇದ್ದ ಲೆಕ್ಕ.

ಮತ್ತ ತಿಂಗಳಾ ಒಂದು ಅಪ್‌ಡೇಟ್. ಅದಕ್ಕ ಬಾಸ್ಟನ್ ಸುತ್ತಮುತ್ತಲಿನ ಊರುಗಳ ಹೆಸರು ಇಡ್ತಿದ್ರು, ಎಬಿಸಿಡಿ ಸಾಲಿನಾಗ, ಡಾರ್ಚೆಸ್ಟರ್, ಎವರೆಟ್, ಫಾಕ್ಸ್‌ಬರೋ ಅಂತ. ನಾವು ಮಾಡಿದ್ರ ಅಳವಂಡಿ ಅಪ್‌ಡೇಟ್, ಇರಕಲ್ಲಗಡ ಅಪ್‌ಡೇಟ್, ಕಿನ್ನಾಳ ಅಪ್‌ಡೇಟ್, ಭಾಗ್ಯನಗರ ಅಪ್‌ಡೇಟ್ ಅಂತ ಬಿಡಬಹುದಿತ್ತು, ಗಿಣಿಗೇರಾ ಅಪ್‌ಡೇಟ್ ಹಾಕಿದ್ರ ಕಾರ್ಖಾನಿ ಧೂಳು ಬರ್ತಿತ್ತೇನೋ. (ಇಲ್ಲಿ ನಕ್ಕಿದ್ದು ರೆಕಾರ್ಡಿಂಗ್‌ನಾಗ ಬಹಳ ಹೊತ್ತು ಐತಿ, ಗಿಣಿಗೇರಾದವ್ರು ಇಬ್ರು ಇದ್ರು.)

ಈಗ ಈ ರೋಲಿಂಗ್ ಅಪ್‌ಡೇಟ್ ಅನ್ನೋದು ಏನು ಅಂತ ನಿಮಗ ನಾನು ಇಂಗ್ಲಿಷಿನಾಗ ಹೇಳೋ ಗರಜ ಇಲ್ಲ, ನೀವೆಲ್ಲಾ ಕಣ್ಣಾರೆ ನೋಡೀರಿ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟ್‌ನಾಗ 19ನೇದರ ಚೈನ್ ಕಡಿದು ಗೇಟ್ ಕೊಚ್ಚಿಕೊಂಡು ಹೋತಲ್ಲ. ಡ್ಯಾಮ್ ಖಾಲಿ ಮಾಡಿ ಆರಾಮಾಗಿ ರಿಪೇರಿ ಮಾಡೋಣ ಅಂದ್ರ ನಮ್ಮ ಎಡದಂಡಿ ಕಾಲುವಿ ಮಂದಿ, ರಾಯಚೂರು ಮಂದಿ, ಬಳ್ಳಾರಿ ಮಂದಿ ಎಲ್ಲಾರ ಭತ್ತನೂ ಹೋಗ್ತಿತ್ತು. ಹರಿಯೋ ನೀರಾಗ ಸ್ಟಾಪ್‌ಲಾಗ್ ಅಂತ ಕಬ್ಬಿಣದ ತುಂಡು ಒಂದರ ಮ್ಯಾಲ ಒಂದು ಇಳಿಸಿ ಒಂದು ವಾರದಾಗ ನಿಲ್ಸಿದ್ರು. ರೋಲಿಂಗ್ ಅಪ್‌ಡೇಟ್ ಅಂದ್ರ ಅದ. ಡ್ಯಾಮ್ ಖಾಲಿ ಮಾಡಂಗಿಲ್ಲ, ಹರಿಯೋ ನೀರಾಗ ಗೇಟ್ ಕೂಡ್ಸೋದು. ಮಾಡೋರು ಶಾಣ್ಯಾ ಇದ್ರ ಅದರಂತ ಚಲೋದು ಇನ್ನೊಂದಿಲ್ಲ, ದೋಷ ಸಿಕ್ಕ ತಿಂಗಳಾ ಸರಿ ಆಗ್ತೈತಿ, ವರ್ಷಗಟ್ಟಲೆ ಕಾಯೋದು ಇಲ್ಲ. ಆದ್ರ ಕೆಳಗ ದಂಡಿ ಮ್ಯಾಲ ಬಟ್ಟಿ ಒಗೀತಿರ್ತೀವಲ್ಲ, ನಾವು, ನಮಗ ಯಾವಾಗ ನೀರು ಏರ್ತೈತಿ ಯಾವಾಗ ಇಳೀತೈತಿ ಗೊತ್ತಾಗಂಗಿಲ್ಲ.

ನನ್ನ ಸ್ಟುಡಿಯೋ ನೋಡಿದವ್ರಿಗೆ ಗೊತ್ತು, ಹತ್ತಕ್ಕ ಹನ್ನೆರಡರ ರೂಮು, ಗ್ವಾಡಿಗೆ ಮೊದ್ಲ ತತ್ತಿ ಟ್ರೇ ಹಚ್ಚಿದ್ದೆ, ಅದರಿಂದ ಮಣ್ಣೂ ಆಗಂಗಿಲ್ಲ ಅಂತ ತಿಳಿದ ಮ್ಯಾಲ ನಮ್ಮವ್ವ ಹೊಲಿದ ನಾಕು ಹಳೇ ಕೌದಿ ತೂಗು ಹಾಕೀನಿ, ಕೌದಿ ಮುಂದ ಯಾವ ಫೋಮೂ ಇಲ್ಲ ಬಿಡ್ರಿ. ಒಂದು ವರ್ಷ ಮೊಹರಂ ಮುಂದ ರಿವಾಯತ ಪದ ಹಾಡೋ ಮೇಳದವ್ರು ಟ್ರ್ಯಾಕ್ಟರ್ ಮಾಡ್ಕೊಂಡು ಬಂದ್ರು, ಹದಿನೆಂಟು ಮಂದಿ. ಒಳಗ ಹಿಡಿಯೋರು ಆರು, ಉಳಿದವ್ರು ಹೊರಗ ಚಾ ಕುಡಕೊಂತ. ನಾನು ಕಂಪ್ಯೂಟರ್ ಚಾಲೂ ಮಾಡಿದ ಕೂಡ್ಲೆ ಪರದಿ ಮ್ಯಾಲ ಒಂದು ಡಬ್ಬಿ ಎದ್ದು ನಿಂತ್ತು, ಅಪ್‌ಡೇಟ್ ಬಂದೈತಿ, ಹಾಕ್ಲೇನು? ಮೆಂಬರ್‌ಶಿಪ್ ರೊಕ್ಕ ಕಟ್ಟೀನಿ, ಬಂದಿದ್ದು ಯಾಕ ಬಿಡ್ಲಿ ಅಂತ ಹೂಂ ಅಂದೆ. ಹತ್ತು ನಿಮಿಷದಾಗ ಆಯ್ತು. ಮೇಳದ ಮುಖ್ಯ ಹಾಡುಗಾರರು ಹೆಡ್‌ಫೋನ್ ಹಾಕ್ಕೊಂಡು ಎರಡು ಸಾಲು ಹಾಡಿದ್ರು, ಹೆಡ್‌ಫೋನ್ ತೆಗೆದು ಗಾಬರಿಯಾಗಿ ನನ್ನ ಕಡೆ ನೋಡಿ, 'ಏ ತಮ್ಮಾ, ಒಳಗ ಇನ್ನೊಬ್ಬಾಂವ ನನ್ನ ಹಿಂದಿಂದ ಹಾಡಾಕತ್ಯಾನಲ್ಲೋ' ಅಂದ್ರು.

ಅದು ಏನಾಗಿತ್ತಂದ್ರ, ಅಪ್‌ಡೇಟ್ ಆದಾಗ ನನ್ನ ಸೌಂಡ್‌ಕಾರ್ಡಿನ ಸೆಟ್ಟಿಂಗ್ ಎಲ್ಲಾ ಮೊದಲಿನಂಗ ಅಳಿಸಿ ಕುಂದ್ರಿಸಿತ್ತು. ಬಫರ್, ಅಂದ್ರ ದನಿಯ ಸಣ್ಣ ಚೂರು, ಸ್ಯಾಂಪಲ್ ಅಂತಾರ, ಒಮ್ಮೆಗೆ ಎಷ್ಟು ಕೂಡಿಟ್ಟು ಮುಂದ ಕಳಿಸ್ಬೇಕು ಅನ್ನೋ ಲೆಕ್ಕ, 64 ಇದ್ದದ್ದು 1024 ಆಗಿತ್ತು. ಒಂದು ಸೆಕೆಂಡಿಗೆ 44,100 ಸ್ಯಾಂಪಲ್ ಓಡ್ತಾವ, 1024 ಸ್ಯಾಂಪಲ್ ಅಂದ್ರ 23 ಮಿಲಿಸೆಕೆಂಡ್, ದನಿ ಒಳಗ ಹೋಗಾಕ ಒಂದು ಸಲ, ಹೊರಗ ಬರಾಕ ಒಂದು ಸಲ, ಎರಡೂ ಕೂಡಿ 46ರ ಮ್ಯಾಲ. ಕಾಗದದ ಮ್ಯಾಲ ಸಣ್ಣದು, ಹಾಡೋರ ಕಿವಿಯಾಗ ಅದು ಪಕ್ಕಾ ಇನ್ನೊಬ್ಬ ಮನಷ್ಯಾ. ನನಗ ಅದನ್ನ ಹುಡುಕಾಕ ಒಂದೂವರೆ ತಾಸು ಹಿಡೀತು, ಕೇಬಲ್ ಬದಲ್ ಮಾಡಿದೆ, ಮೈಕ್ ಬದಲ್ ಮಾಡಿದೆ, ಆ ಹೊತ್ತಿಗೆ ಮೇಳದವ್ರು ಟ್ರ್ಯಾಕ್ಟರ್ ಬಾಡಿಗಿ ತಾಸಿನ ಲೆಕ್ಕ ಐತಿ ಅಂತ ಗುಣುಗುಣು ಶುರು ಮಾಡಿದ್ರು. ಅವತ್ತಿಂದ ನಾನು ಮೊಹರಂ ಮುಂದ ಹದಿನೈದು ದಿನ, ಗವಿಮಠದ ಜಾತ್ರಿ ಮುಂದ ಒಂದು ತಿಂಗಳು ಯಾವ ಅಪ್‌ಡೇಟೂ ಮುಟ್ಟಂಗಿಲ್ಲ, ದೇವರು ಬಂದು ಕೊಟ್ರೂ ಮುಟ್ಟಂಗಿಲ್ಲ. ಕೆಲಸದ ಕಂಪ್ಯೂಟರ್‌ಗೆ ಇಂಟರ್ನೆಟ್ಟ ಬಿಚ್ಚಿ ಇಡ್ತೀನಿ.

ಸೋನಾರ್ ಕಥಿ ಅರ್ಧಕ್ಕ ಬಿಟ್ಟಿದ್ದೆ. ಕೇಕ್‌ವಾಕ್ ಕಂಪನಿನ ಮೊದ್ಲ ರೋಲ್ಯಾಂಡ್‌ನವ್ರು ತಗೊಂಡಿದ್ರು, 2013ರಾಗ ಗಿಟಾರ್ ಮಾಡೋ ಗಿಬ್ಸನ್‌ನವ್ರ ಕೈಗೆ ಬಂತು. 2016ರಾಗ ಅವ್ರು ಇನ್ನೊಂದು ಹೆಜ್ಜಿ ಮುಂದ ಹೋಗಿ, ಪ್ಲಾಟಿನಂ ತಗೊಂಡವ್ರಿಗೆ ಲೈಫ್‌ಟೈಮ್ ಅಪ್‌ಡೇಟ್ ಅಂತ ಮಾರಿದ್ರು. ಒಮ್ಮೆ ಕೊಡ್ರಿ, ಜೀವನಪೂರ್ತಿ ಹೊಸದು ಬರ್ತಾ ಇರ್ತೈತಿ. ಯಾರ ಜೀವನ ಅಂತ ಯಾರೂ ಕೇಳಲಿಲ್ಲ. 2017ರ ನವೆಂಬರ್‌ನಾಗ ಗಿಬ್ಸನ್‌ನವ್ರು ಕೇಕ್‌ವಾಕ್ ಕೆಲಸ ನಿಲ್ಲಿಸ್ತೀವಿ ಅಂದ್ರು. 2018ರ ಮೇ ತಿಂಗಳದಾಗ ಗಿಬ್ಸನ್ನ ದಿವಾಳಿ ಅರ್ಜಿ ಹಾಕ್ತು. ನಡುವ ಫೆಬ್ರವರಿಯಾಗ ಸಿಂಗಾಪುರದ ಬ್ಯಾಂಡ್‌ಲ್ಯಾಬ್ ಅನ್ನೋ ಕಂಪನಿ ಆ ಸಾಫ್ಟ್‌ವೇರ್ ತಗೊಂಡು, ಏಪ್ರಿಲ್‌ನಾಗ 'ಕೇಕ್‌ವಾಕ್ ಬೈ ಬ್ಯಾಂಡ್‌ಲ್ಯಾಬ್' ಅಂತ ಫ್ರೀಯಾಗಿ ಬಿಡ್ತು. 499 ಡಾಲರ್ ಕೊಟ್ಟವ್ರು, ಅದರ ಮ್ಯಾಲ ಲೈಫ್‌ಟೈಮ್ ತಗೊಂಡವ್ರು ಎಲ್ಲಾ ಹಣಿ ಬಡಕೊಂಡ್ರು, ಅತ್ಲಾಗ ಏನೂ ಕೊಡದ ನಮ್ಮಂತವ್ರಿಗೆ ಹಬ್ಬ. ಆದ್ರ ಫ್ರೀ ಇದ್ರೂ ಅದಕ್ಕೊಂದು ಶರತ್ತು ಇತ್ತು, ಆರು ತಿಂಗಳಿಗೊಮ್ಮೆ ಇಂಟರ್ನೆಟ್‌ಗೆ ಹಚ್ಚಿ ಆಕ್ಟಿವೇಶನ್ ಹೊಸದು ಮಾಡ್ಕೋಬೇಕು, ಇಲ್ಲಾಂದ್ರ ಡೆಮೋ ಆಗ್ತೈತಿ, ಸೇವ್ ಆಗಂಗಿಲ್ಲ. ಬೀಗ ಫ್ರೀ ಕೊಟ್ರೂ ಕೀಲಿ ಅವ್ರ ಹಂತೇಕನ. 2023ರ ಜೂನ್‌ನಾಗ ಮತ್ತ ಸೋನಾರ್ ಹೆಸರಿಗೆ ಜೀವ ಕೊಡ್ತೀವಿ, ರೊಕ್ಕಕ್ಕ ಮಾರ್ತೀವಿ ಅಂದ್ರು, ಅದು ಮೆಂಬರ್‌ಶಿಪ್‌ನಾಗ ಬಂತು. ಒಂದ ಸಾಫ್ಟ್‌ವೇರ್ ಡಬ್ಬಿ ಆತು, ಲಾವಣಿ ಆತು, ಲೈಫ್‌ಟೈಮ್ ಆತು, ಸತ್ತಂಗಾತು, ದಾಸೋಹ ಆತು, ತಿರುಗಿ ಲಾವಣಿಗೆ ಬಂತು.

ಉಳಿದವ್ರದ್ದು ಜಲ್ದಿ ಹೇಳಿಬಿಡ್ತೀನಿ. ಅಡೋಬಿಯವ್ರು 2013ರಾಗ ಡಬ್ಬಿ ಮಾರೋದ ಬಂದ್ ಮಾಡಿ ಎಲ್ಲಾ ತಿಂಗಳಾ ಬಾಡಿಗಿಗೆ ಹಾಕಿದ್ರು, ಆಡಿಶನ್ ಅನ್ನೋ ಆಡಿಯೋ ಸಾಫ್ಟ್‌ವೇರೂ ಅದರ ಜೋಡಿ ಹೋತು. ಪ್ರೋ ಟೂಲ್ಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನವ್ರು 2015ರಾಗ ಖರೀದಿ ಜೋಡಿ ಬಾಡಿಗಿನೂ ಇಟ್ರು. ರೀಸನ್‌ದವ್ರು 2021ರಾಗ. ಆಪಲ್‌ನವ್ರದು ಮಜಾ ಐತಿ, ಲಾಜಿಕ್ ಪ್ರೋನ ಮ್ಯಾಕ್‌ಗೆ 199.99 ಡಾಲರ್‌ಗೆ ಒಮ್ಮೆಲೆ ಮಾರ್ತಿದ್ದವ್ರು, 2023ರಾಗ ಐಪ್ಯಾಡಿಗೆ ಬಿಟ್ಟಾಗ ತಿಂಗಳಿಗೆ 4.99 ಡಾಲರ್ ಅಂದ್ರು. ಅದ ವರ್ಷ ಮಾರ್ಚ್‌ನಾಗ ಪ್ಲಗಿನ್, ಅಂದ್ರ ದೊಡ್ಡ ಸಾಫ್ಟ್‌ವೇರ್‌ಗೆ ಸಿಗಿಸೋ ಸಣ್ಣ ಸಾಫ್ಟ್‌ವೇರ್, ಮಾಡೋ ವೇವ್ಸ್ ಅನ್ನೋ ಕಂಪನಿ ಇನ್ಮ್ಯಾಲ ಬರೇ ಬಾಡಿಗಿ, ಖರೀದಿ ಬಂದ್ ಅಂತ ಘೋಷಣಾ ಮಾಡ್ತು, ಜಗತ್ತಿನ ಎಲ್ಲಾ ಸ್ಟುಡಿಯೋದವ್ರು ಮಾರಿಗೆ ಉಗಿದ ಮ್ಯಾಲ ಮೂರ್ನಾಕು ದಿನದಾಗ ತಪ್ಪಾತು ಅಂತ ಖರೀದಿನೂ ವಾಪಸ್ ತಂದ್ರು. ಅಂದ್ರ ಗಿರಾಕಿ ಬೈದ್ರ ಕೆಲಸ ಆಗ್ತೈತಿ, ಅದನ್ನ ನೆನಪಿಟ್ಕೋರಿ.

ಇನ್ನೊಂದು ದಾರಿ ಹಿಡಿದವ್ರೂ ಅದಾರ. ನಮ್ಮ ಕಡೆ ಜಾನಪದ ಡಿಜೆ ಮಾಡೋ ಹುಡುಗ್ರೆಲ್ಲಾ ಬಳಸೋ ಎಫ್ಎಲ್ ಸ್ಟುಡಿಯೋ, ಬೆಲ್ಜಿಯಂ ದೇಶದ್ದು, 1997ರಾಗ ಫ್ರೂಟಿಲೂಪ್ಸ್ ಅಂತ ಹುಟ್ಟಿದ್ದು, ಒಮ್ಮೆ ತಗೊಂಡ್ರ ಮುಂದಿನ ವರ್ಷನ್ ಎಲ್ಲಾ ಫ್ರೀ ಅಂತ ಹೇಳ್ತಾ ಬಂದಾರ, ಇವತ್ತಿಗೂ ನಡೆಸ್ಯಾರ. ರೀಪರ್ ಅಂತ ಇನ್ನೊಂದು, ವಿನ್ಆಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಮಾಡಿದ್ದು. ನಮ್ಮ ಹಳೇ ಸೈಬರ್ ಕೆಫೆ ಮಂದಿಗೆ ವಿನ್ಆಂಪ್ ನೆನಪಿರಬೇಕು. ಅದು 60 ದಿನ ನೋಡಾಕ ಫ್ರೀ, ಆಮ್ಯಾಲ ಸಣ್ಣ ದುಡಿಮಿ ಇದ್ದವ್ರಿಗೆ 60 ಡಾಲರ್, ವರ್ಷದ ದುಡಿಮಿ 20,000 ಡಾಲರ್ ದಾಟಿದವ್ರಿಗೆ 225. ಇಲ್ಲಿ ಕುಂತವ್ರಾಗ ಯಾರರ ರೆಕಾರ್ಡಿಂಗ್ ಮಾಡಿ ವರ್ಷಕ್ಕ 20,000 ಡಾಲರ್ ದುಡೀತಿದ್ರ ಕೈ ಎತ್ರಿ, ಇವತ್ತಿನ ಮಿರ್ಚಿ ಮಂಡಾಳ ಖರ್ಚು ಅವ್ರದ. ಆ 60 ಡಾಲರ್‌ನಾಗ ಎರಡು ದೊಡ್ಡ ವರ್ಷನ್‌ತನಕ ಅಪ್‌ಡೇಟ್ ಬರ್ತೈತಿ, ಆಮ್ಯಾಲ ನೀವು ಕೊಡದಿದ್ರೂ ಇದ್ದದ್ದು ನಡೀತೈತಿ.

ಕ್ರ್ಯಾಕ್, ಅಂದ್ರ ಬೀಗ ಮುರಿದ ಕಳ್ಳ ಕಾಪಿ, ಅದರ ಮಾತು ಬರಬೇಕಲ್ಲ ಈಗ. ಯಾರೂ ಮಾರಿ ಕೆಳಗ ಮಾಡಬ್ಯಾಡ್ರಿ, ನಾನೂ ಅಲ್ಲಿಂದನ ಬಂದಾಂವ. ಹೈದರಾಬಾದಿಗೆ ಹೋದವ್ರು ಡಿವಿಡಿ ತರ್ತಿದ್ರು, ಆಮ್ಯಾಲ ಪೆನ್‌ಡ್ರೈವ್, ಒಬ್ಬರಿಂದ ಒಬ್ಬರಿಗೆ ಕಾಳು ಕಡ ಕೊಟ್ಟಂಗ. 500 ಡಾಲರ್ ಅಂದ್ರ ಆವಾಗ ನನ್ನ ಆರು ತಿಂಗಳ ದುಡಿಮಿ, ಯಾರು ಕೊಡಬೇಕು? ಮೆಂಬರ್‌ಶಿಪ್ ಬಂದು ಆದ ಚಲೋದು ಅದ, ಆರುನೂರು ಏಳುನೂರು ರೂಪಾಯಿಗೆ ತಿಂಗಳಿಗೆ ನೇರ ದಾರೀಲಿ ಬಳಸಾಕ ಬರಂಗಾತು, ಕೆಲಸ ಇದ್ದ ತಿಂಗಳು ಕಟ್ಟು, ಇಲ್ಲದ ತಿಂಗಳು ಬಿಡು. ನನ್ನ ಶಿಷ್ಯ ಒಬ್ಬಾಂವ ಹಂಗ ಶುರು ಮಾಡಿ ಇವತ್ತು ಗಂಗಾವತಿಯಾಗ ನನಗಿಂತ ಚಲೋ ಸ್ಟುಡಿಯೋ ಹಾಕ್ಯಾನ. ಅದಕ್ಕ ನಾನು ಮೆಂಬರ್‌ಶಿಪ್ ಅಂದ್ರ ಕೆಟ್ಟದ್ದು ಅಂತ ಬರ್ಕೊಡಂಗಿಲ್ಲ.

ಆದ್ರ ನಮ್ಮ ದುಡಿಮಿ ತಿಂಗಳಾ ಬರಂಗಿಲ್ರಿ, ಸುಗ್ಗಿ ಮ್ಯಾಲ ಬರ್ತೈತಿ. ಜಾತ್ರಿ, ಮೊಹರಂ, ಶ್ರಾವಣದ ಪುರಾಣ, ಎಲೆಕ್ಷನ್. ಉಳಿದ ದಿನ ಆಟೋದಾಗ ಕೂಗೋ ಸೀರಿ ಅಂಗಡಿ ಜಾಹೀರಾತು. ಅತ್ಲಾಗ ಬಾಡಿಗಿ ಡಾಲರ್‌ನಾಗ, ಡಾಲರ್ ಏರಿದ್ರ ಅದೂ ಏರ್ತೈತಿ, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, ಕಾರ್ಡ್‌ನವ್ರು ವಿದೇಶಿ ವ್ಯವಹಾರ ಅಂತ ಹಿಡಕೊಳ್ಳೋದು ಬ್ಯಾರೆ. ಮತ್ತ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಆಟೋಪೇ ನಿಯಮ ಜಾರಿಗೆ ಬಂತು. ರೊಕ್ಕ ಕತ್ತರಿಸೋ 24 ತಾಸು ಮೊದ್ಲ ನಿಮಗ ಮೆಸೇಜ್ ಬರಬೇಕು, 5,000 ರೂಪಾಯಿ ದಾಟಿದ್ರ ಒಟಿಪಿ ಬೇಕು, ಆಮ್ಯಾಲ 2022ರಾಗ ಆ ಮಿತಿನ 15,000 ಮಾಡಿದ್ರು. ಗಿರಾಕಿ ಪಾಲಿಗೆ ನಿಯಮ ಚಲೋನ, ನನಗ ಗೊತ್ತಿಲ್ಲದ ನನ್ನ ರೊಕ್ಕ ಹೋಗಂಗಿಲ್ಲ. ಆದ್ರ ಆವಾಗ ಎಷ್ಟೋ ವಿದೇಶಿ ಕಂಪನಿಗಳ ಹಳೇ ಆಟೋಪೇ ಎಲ್ಲಾ ಒಮ್ಮೆಲೆ ನಿಂತ್ವು. ನಂದೂ ಒಂದು ನಿಂತಿತ್ತು, ಮೇಲ್ ನೋಡೋ ರೂಢಿ ನನಗಿಲ್ಲ, ಗಿರಾಕಿ ಎದುರಿಗೆ ಕುಂತಾಗ ಪ್ಲಗಿನ್ ಒಂದು ಐದು ಸೆಕೆಂಡಿಗೊಮ್ಮೆ ಕುಂಯ್ ಅಂತ ಶುರು ಮಾಡ್ತು. ರೊಕ್ಕ ಇದ್ದೂ ಕೊಡಾಕ ಬರದಂಗ ಆಗಿದ್ದು ಜೀವನದಾಗ ಅದ ಮೊದಲನೇ ಸಲ.

ಈಗ ಕುಷ್ಟಗಿ ಹುಡುಗಂದು. ಅವನ್ನ ನಾಳೆ ಬಾ ಅಂತ ಕಳಿಸಿ ರಾತ್ರಿ ಕುಂತೆ. ಒಂದು ತಿಂಗಳದ್ದು ಕಟ್ಟಿ ತೆರೆಯೋಣ ಅಂದ್ರ ನಾನು ಬಳಸಿದ ಆ ನಮೂನಿ ಪ್ಲಾನ್ ಈಗ ಇಲ್ಲವ ಇಲ್ಲ, ಹೊಸದಕ್ಕ ಕಟ್ಟಿದೆ, ಫೈಲ್ ತೆರೀತು, ಆದ್ರ ಹೊಸಾ ವರ್ಷನ್‌ನಾಗ, 2016ರಾಗ ಹಾಕಿದ್ದ ಶ್ರುತಿ ಸರಿ ಮಾಡೋ ಪ್ಲಗಿನ್ ಸಿಗವಲ್ದು, ಅದು ಇದ್ದ ಜಾಗದಾಗ ದನಿ ಇಲ್ಲ, ಮೌನ. ಇಂತಾ ಹೊತ್ತಿನಾಗ ನೆನಪಿಡ್ರಿ, ಪ್ರಾಜೆಕ್ಟ್ ಫೈಲ್ ಅನ್ನೋದು ಬರೇ ಅಡಿಗಿ ಚೀಟಿ. ಯಾವ ತುಂಡು ಎಲ್ಲಿ, ಎಷ್ಟು ಸೌಂಡ್, ಯಾವ ರಿವರ್ಬ್ (ಗುಡಿಯೊಳಗ ಹಾಡಿದಂಗ ಗುಂಯ್ ಅನ್ನೋ ದನಿ) ಅಂತ ಬರೆದಿರ್ತೈತಿ. ಹಿಟ್ಟು ಬ್ಯಾರೆ ಕಡೆ ಇರ್ತೈತಿ. ಆಡಿಯೋ ಅಂತ ಒಂದು ಫೋಲ್ಡರ್, ಅದ್ರಾಗ ಮೈಕಿನಿಂದ ಬಂದ ದನಿ ವೇವ್ ಫೈಲ್ ಆಗಿ ಹಸೀದು ಹಂಗ ಬಿದ್ದಿರ್ತೈತಿ, ಅದಕ್ಕ ಯಾರ ಬೀಗನೂ ಇಲ್ಲ. ತೆರೆದೆ, 43 ಫೈಲ್. ಹೆಸರು ನೋಡ್ರಿ, ರೆಕ್ 1, ರೆಕ್ 2, ರೆಕ್ 14. ನನಗ ನಾನ ಬೈಕೊಂಡೆ. ಒಂದೊಂದ ಕೇಳಿ, ಯಾವುದು ಪಲ್ಲವಿ, ಯಾವುದು ಎರಡನೇ ನುಡಿ, ಯಾವ ಟೇಕ್ ಇಟ್ಟಿದ್ದೆ, ಯಾವುದು ಬಿಟ್ಟಿದ್ದೆ ಅಂತ ಹಳೇ ಎಂಪಿ3 ಜೋಡಿ ತಾಳಿ ನೋಡಿ ಜೋಡಿಸೋ ಹೊತ್ತಿಗೆ ರಾತ್ರಿ ಎರಡು ಗಂಟಿ. ಟೇಕಿನ ನಡುವ ಅವ್ರು ಮಾತಾಡಿದ್ದೂ ಇತ್ತು, 'ಇದು ಬ್ಯಾಡ ತಮ್ಮಾ, ಉಸುರು ಸಾಲಲಿಲ್ಲ, ಇನ್ನೊಮ್ಮೆ ಹಿಡಿ' ಅಂತ. ಅದನ್ನ ಕತ್ತರಿಸಿ ಚೊಕ್ಕ ಮಾಡಿ ಪೆನ್‌ಡ್ರೈವ್‌ಗೆ ಹಾಕಿದೆ. ಮರುದಿನ ಹುಡುಗ ಕೇಳಿದ, ಶ್ರುತಿ ಎರಡು ಕಡೆ ಇಳಿದೈತಿ, ಸರಿ ಮಾಡ್ಲೇನು ಅಂದೆ. ಬ್ಯಾಡ ಅಂದ. ಆಮ್ಯಾಲ ಕತ್ತರಿಸಿದ ತುಂಡು ಇದ್ರ ಅದನ್ನೂ ಹಾಕು ಅಣ್ಣಾ, ಅಂದ.

ಹಂಗಾಗಿ ಈಗ ನಾನು ಒಂದು ಹಾಡು ಮುಗೀತು ಅಂದ್ರ ಗಿರಾಕಿ ರೊಕ್ಕ ಕೊಡೋ ಮೊದ್ಲ ಪ್ರತಿ ಟ್ರ್ಯಾಕನ್ನ ಸೊನ್ನೆಯಿಂದ ಕೊನಿತನಕ ಉದ್ದಕ್ಕ ವೇವ್ ಫೈಲ್ ಮಾಡಿ ಇಡ್ತೀನಿ, ಎರಡು ಸಲ, ಒಂದು ಹಸೀದು, ಒಂದು ಎಫೆಕ್ಟ್ ಸಮೇತ. ಸ್ಟೆಮ್ಸ್ ಅಂತಾರ ಅದಕ್ಕ. ಜೊತೆಗೊಂದು ನೋಟ್‌ಪ್ಯಾಡ್ ಫೈಲ್, ಹಾಡಿದವ್ರು ಯಾರು, ಟೆಂಪೋ ಎಷ್ಟು, ಶ್ರುತಿ ಯಾವುದು, ಕನ್ನಡದಾಗ. ಎಲ್ಲಾ ಟ್ರ್ಯಾಕೂ ಸೊನ್ನೆಯಿಂದ ಶುರು ಆಗಬೇಕು, ಅದು ಮುಖ್ಯ, ಹಂಗಿದ್ರ ಹತ್ತು ವರ್ಷದ ಮ್ಯಾಲ ಯಾವ ಸಾಫ್ಟ್‌ವೇರ್‌ಗೆ ಹಾಕಿದ್ರೂ ತಾಳ ಕೂಡ್ತಾವ. ಒಂದು ಹಾಡಿಗೆ ಒಂದು ಜಿಬಿ ಆಸುಪಾಸು ಹೋಗ್ತೈತಿ. ಹೋಗ್ಲಿ.

ಪ್ರಶ್ನೆ ಕೇಳ್ರಿ ಅಂದೆ. ಪೇಟಿ ಮಾಸ್ತರ್ರು ಎದ್ರು. 'ತಮ್ಮಾ, ನಮ್ಮ ಪೇಟಿ ನಮ್ಮಪ್ಪನ ಕಾಲದ್ದು. ಇದಕ್ಕ ಯಾರಿಗೂ ತಿಂಗಳಾ ಕಟ್ಟಿಲ್ಲ, ಒಂದು ಮನಿ ಒತ್ತಿದ್ರ ಇವತ್ತಿಗೂ ಸಾ ಅಂತೈತಿ.' ನಿಜ ಮಾಸ್ತರ್ರ, ಆದ್ರ ಆ ರೀಡ್ ಶ್ರುತಿ ಮಾಡಾಕ, ತಿದಿ ತೂತು ಮುಚ್ಚಾಕ ವರ್ಷಕ್ಕೊಮ್ಮೆ ಒಬ್ಬಾಂವ ಬರ್ತಿದ್ನಲ್ಲ, ಅವಂಗೆ ಜ್ವಾಳ ಅಳೀತಿದ್ರಿಲ್ಲೋ? 'ಅಳೀತಿದ್ವಿ. ಆದ್ರ ಅಂವ ಬರಲಿಲ್ಲಾಂದ್ರ ಪೇಟಿ ಬಾಯಿ ಮುಚ್ಚತಿರಲಿಲ್ಲ, ಒಂಚೂರು ಅಪಸ್ವರ ನುಡೀತಿತ್ತು ಅಷ್ಟ' ಅಂದ್ರು. ಇದನ್ನ ನಾನು ಒಂದು ತಾಸು ಹೇಳಾಕ ಒದ್ದಾಡಿದ್ದೆ ನೋಡ್ರಿ.

ಕೊನಿಗೆ ಹಿಂದಿನ ಸಾಲಿನಾಗ ಕುಂತಿದ್ದ ಒಬ್ಬಾಕಿ ಹುಡುಗಿ, ಡಿಗ್ರಿ ಓದ್ತಾಳಂತ, 'ಸರ್, ಇಷ್ಟೆಲ್ಲಾ ಹೇಳಿದ್ರಿ, ಈಗ ನೀವು ಬಳಸೋದು ಯಾವುದು, ಅದನ್ನ ಹೇಳ್ರಿ' ಅಂದ್ಳು. ಖರೇ ಹೇಳ್ತೀನವ್ವಾ. ರೆಕಾರ್ಡಿಂಗ್ ಮಾಡೋದು ಒಮ್ಮೆ ರೊಕ್ಕ ಕೊಟ್ಟು ತಗೊಂಡ ಸಾಫ್ಟ್‌ವೇರ್‌ನಾಗ. ಪ್ಲಗಿನ್‌ದು ಒಂದು ಮೆಂಬರ್‌ಶಿಪ್ ಐತಿ, ಅದರ ರಿವರ್ಬ್ ಇಲ್ಲದ ನನಗ ಭಜನಿ ಪದ ಭಜನಿ ಅನ್ನಿಸಂಗಿಲ್ಲ, ಚಟ ಅಂದ್ಕೋ. ಅದರ ತಾರೀಖು ಮರೀಬಾರ್ದು ಅಂತ ಸ್ಟುಡಿಯೋದಾಗಿನ ಗ್ವಾಡಿ ಕ್ಯಾಲೆಂಡರ್ ಮ್ಯಾಲ, ಅಮಾಸಿ ಹುಣ್ಣಿವಿ ಗುರ್ತಿನ ಬಾಜೂಕ ಕೆಂಪು ಪೆನ್ನಿನಾಗ ದುಂಡಗ ಗೆರಿ ಹಾಕಿರ್ತೀನಿ. ಮೊನ್ನೆ ನಮ್ಮವ್ವ ಊಟದ ಡಬ್ಬಿ ತಂದಾಕಿ ಅದನ್ನ ನೋಡಿದ್ಳು. ಈ ತಿಂಗಳು ಆ ದುಂಡು ಶುಕ್ರವಾರಕ್ಕ ಬಂದೈತಿ. 'ಶುಕ್ರವಾರ ದೀಪ ಹಚ್ಚೋ ಹೊತ್ತಿನಾಗ ಮನಿಯಿಂದ ರೊಕ್ಕ ಹೊರಗ ಹೋಗಬಾರ್ದು, ಅವ್ರಿಗೆ ಶನಿವಾರ ಒಯ್ರಿ ಅಂತ ಹೇಳು' ಅಂದ್ಳು. ಹೇಳ್ತೀನಿ ಬಿಡವ್ವಾ ಅಂದೀನಿ.